ಹೆಸರೂ ನೆಲೆಯೂ: ಅಂತರಜಾಲದ ವಿಳಾಸದ ಚರಿತ್ರೆಯಲ್ಲೊಂದು ತೊಡಕು

ಮದರಾಸಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಅನೇಕರ ಹೆಸರಿನ ಮೊದಲಕ್ಷರವು ಇಂದಿಗೂ ಅವರ ಪೂರ್ವಿಕರು ಬಿಟ್ಟುಬಂದ ಊರನ್ನೇ ಸೂಚಿಸುತ್ತದೆ. ಅಂಚೆಯವನು ಆ ಅಕ್ಷರವನ್ನು ನಂಬುವುದಿಲ್ಲ. 1972ರಲ್ಲಿ ಜಾರಿಗೆ ಬಂದ ಪಿನ್‌ಕೋಡಿನಲ್ಲಿ ಈ ನಗರಕ್ಕೆ ದೊರೆತ 600 ಎಂಬ ಅಂಕಿಯೇ ಅವನಿಗೆ ಆಧಾರ. ಹೆಸರು ಬೇರೆ, ನೆಲೆ ಬೇರೆ. ಅಂತರಜಾಲವನ್ನು ಕಟ್ಟಿದವರು ಇವೆರಡನ್ನೂ ಒಂದೇ ಅಂಕಿಯಲ್ಲಿ ಬೆಸೆದರು.

1981ರಲ್ಲಿ ಸ್ಥಿರಗೊಂಡ ಐಪಿ ವಿಳಾಸವು ಯಂತ್ರ ಯಾವುದೆಂಬುದನ್ನೂ ಅದು ಜಾಲದಲ್ಲಿ ಎಲ್ಲಿದೆಯೆಂಬುದನ್ನೂ ಒಟ್ಟಿಗೆ ಹೇಳುತ್ತದೆ. ಜೆರೋಮ್ ಸಾಲ್ಟ್‌ಜರ್ ಅವರು ಮರುವರ್ಷವೇ ಈ ಭೇದಗಳನ್ನು ಬಿಡಿಸಿ ತೋರಿಸಿದರು. ಆದರೆ ತಳಪಾಯ ಆಗಲೇ ಬಿದ್ದಾಗಿತ್ತು.

ಮದರಾಸಿನ ಐಐಟಿಯು ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲೊಂದು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮುಂದೆ ಬ್ಯಾಂಕುಗಳ ವ್ಯವಹಾರವೆಲ್ಲ ತಂತಿಯ ಮೇಲೆ ನಿಂತಾಗ ಒಂದೇ ತಂತಿಯನ್ನು ನೆಚ್ಚುವುದು ಅವಿವೇಕವೆನಿಸಿತು. 2008ರ ಜನವರಿ 30ರಂದು ಅಲೆಕ್ಸಾಂಡ್ರಿಯದ ಬಳಿ ಸಮುದ್ರದ ಕೇಬಲುಗಳು ತುಂಡಾದಾಗ ಭಾರತದ ಸಂಪರ್ಕವೂ ಕುಗ್ಗಿದುದು ಇದಕ್ಕೆ ಸಾಕ್ಷಿ.

ಹಾಗಾದರೆ ಎರಡು ಕಂಪನಿಗಳಿಂದ ಎರಡು ತಂತಿ ಪಡೆದರಾಯಿತಲ್ಲವೆ? ಇಲ್ಲಿಯೇ ತೊಡಕು. ಪ್ರತಿ ಕಂಪನಿಯೂ ತನ್ನ ಅಂಕಿಯನ್ನು ಕೊಟ್ಟರೆ, ಒಂದು ತಂತಿ ಕಡಿದೊಡನೆ ಆ ಅಂಕಿಯ ಮೇಲೆ ನಡೆಯುತ್ತಿದ್ದ ವ್ಯವಹಾರವೂ ಕಡಿಯುತ್ತದೆ. ಆದಕಾರಣ ಸಂಸ್ಥೆಗಳು ಸ್ವಂತ ಅಂಕಿಗಳನ್ನು ಪಡೆದು ಎರಡು ದಾರಿಯಲ್ಲಿಯೂ ಸಾರತೊಡಗಿದವು. ಇವು ಕಂಪನಿಯ ಒಟ್ಟು ಲೆಕ್ಕದಲ್ಲಿ ಅಡಗುವುದಿಲ್ಲ. ಜಗತ್ತಿನ ದೊಡ್ಡ ರೌಟರುಗಳ ಪಟ್ಟಿಯಲ್ಲೆಲ್ಲ ಪ್ರತ್ಯೇಕ ಸಾಲನ್ನು ಬೇಡುತ್ತವೆ. ಒಂದು ಶಾಖೆಯ ಮನೆ ಬದಲಾದುದನ್ನು ದೇಶದ ಎಲ್ಲ ಶಾಖೆಗಳ ಲೆಡ್ಜರಿನಲ್ಲಿಯೂ ಬರೆದಂತೆ! 2014ರ ಆಗಸ್ಟ್ 12ರಂದು ಪಟ್ಟಿಯು 5,12,000 ಸಾಲುಗಳನ್ನು ಮೀರಲು, ಅಷ್ಟಕ್ಕೇ ಎಡೆಯಿದ್ದ ಹಳೆಯ ಯಂತ್ರಗಳು ಅಲ್ಲಲ್ಲಿ ತಡವರಿಸಿದವು.

ಈ ಭಾರವನ್ನು ಮುಂಗಂಡ ತಜ್ಞರು 2006ರ ಅಕ್ಟೋಬರಿನಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಸೇರಿ ಹೆಸರನ್ನೂ ನೆಲೆಯನ್ನೂ ಬೇರ್ಪಡಿಸುವ ಮಾತನ್ನು ಎತ್ತಿಕೊಂಡಿದ್ದರು. 2013ರ ಜನವರಿಯಲ್ಲಿ ಪ್ರಕಟವಾದ ಲಿಸ್ಪ್ ವಿಧಾನದಲ್ಲಿ ಒಳಗಿನ ಯಂತ್ರಕ್ಕೆ ಗುರುತಿನ ಅಂಕಿ, ಅಂಚಿನ ರೌಟರಿಗೆ ನೆಲೆಯ ಅಂಕಿ. ಇವೆರಡರ ನಂಟನ್ನು ಒಂದು ಪ್ರತ್ಯೇಕ ದಾಖಲೆ ತಿಳಿಸುತ್ತದೆ. ತಂತಿ ಕಡಿದರೆ ನೆಲೆ ಮಾತ್ರ ಬದಲು.

ವಿಧಾನ ಸೊಗಸೇನೋ ಹೌದು. ಆದರೆ ಆ ದಾಖಲೆಯನ್ನು ಇಡುವವರು ಯಾರು, ಅದನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಹೊಸದಾಗಿ ಹುಟ್ಟಿತು. ಲಾಭ ಎಲ್ಲರಿಗೂ, ಖರ್ಚು ಮಾತ್ರ ಮೊದಲು ಅಳವಡಿಸಿದವನಿಗೆ ಎಂಬುದೂ ಅಡ್ಡಿಯೇ. ಕೆಲವು ಸಂಸ್ಥೆಗಳ ಒಳಜಾಲಗಳಲ್ಲಿ ಲಿಸ್ಪ್ ನೆಲೆಯೂರಿತು. ಸಾರ್ವಜನಿಕ ಜಾಲದಲ್ಲಿ ಹಳೆಯ ಪಟ್ಟಿಯೇ ಉಳಿದು ಒಂಬತ್ತು ಲಕ್ಷ ಸಾಲುಗಳನ್ನು ದಾಟಿದೆ.