ಕಪ್ಪೆಚಿಪ್ಪು: ವೀಗನ್ ವಾದ ಮತ್ತು ಜೈನ ದೃಷ್ಟಿ

ಸಿಂಪಿ, ಕಪ್ಪೆಚಿಪ್ಪು ಮೊದಲಾದ ಎರಡು ಚಿಪ್ಪಿನ ಜೀವಿಗಳಿಗೆ ನರಗಂಟುಗಳಿವೆ, ಮೆದುಳಿಲ್ಲ. ಆದ್ದರಿಂದ ಅವುಗಳಿಗೆ ನೋವಿನ ಅರಿವು ಇರಲಾರದು, ಅವನ್ನು ತಿಂದರೆ ವೀಗನ್ ನೀತಿಗೆ ಭಂಗವಿಲ್ಲ ಎಂಬುದು ಕೆಲವರ ವಾದ. ತತ್ವಜ್ಞಾನಿ ಪೀಟರ್ ಸಿಂಗರ್ 1975ರ ‘ಅನಿಮಲ್ ಲಿಬರೇಶನ್’ ಕೃತಿಯಲ್ಲಿ, ಸಿಗಡಿ ಮತ್ತು ಸಿಂಪಿಯ ನಡುವೆ ಎಲ್ಲೋ ಗೆರೆ ಎಳೆಯಬಹುದೆಂದರು. 1990ರ ಆವೃತ್ತಿಯಲ್ಲಿ, ಸಂಶಯವಿರುವಾಗ ತಿನ್ನದಿರುವುದೇ ಲೇಸೆಂದು ನಿಲುವು ಬದಲಿಸಿದರು.

ಜೈನ ಸಿದ್ಧಾಂತದಲ್ಲಿ ಈ ಸಂಶಯಕ್ಕೆ ಎಡೆಯಿಲ್ಲ. ಶಂಖ, ಸಿಂಪಿ, ಹುಳುಗಳು ಸ್ಪರ್ಶನ ಮತ್ತು ರಸನವೆಂಬ ಎರಡು ಇಂದ್ರಿಯಗಳುಳ್ಳ ತ್ರಸಜೀವಗಳು. ಅವುಗಳಿಗೆ ಆರು ಪ್ರಾಣಗಳು. ಇವು ಮನಸ್ಸಿಲ್ಲದ ಅಸಂಜ್ಞಿ ಜೀವಗಳೆಂದು ಆಗಮ ಪರಂಪರೆಯೇ ಹೇಳುತ್ತದೆ. ಆದರೂ ತ್ರಸಜೀವಗಳ ಸಂಕಲ್ಪಹಿಂಸೆಯನ್ನು ಬಿಡುವುದು ಶ್ರಾವಕರ ಅಹಿಂಸಾಣುವ್ರತ. ಅಂದರೆ ‘ಮೆದುಳಿಲ್ಲ’ ಎಂಬ ಮಾತು ನಮಗೆ ಹೊಸ ವಾದವಲ್ಲ, ವಿನಾಯಿತಿಯೂ ಅಲ್ಲ. ವೀಗನ್ ಚರ್ಚೆ ನೋವನ್ನು ಅಳೆಯುತ್ತದೆ. ಅಣುವ್ರತ ಜೀವವನ್ನು ಕಾಯುತ್ತದೆ.

ಮನೆಯಲ್ಲಿ ಗಮನಿಸಬೇಕಾದ್ದು: ಕೆಲವು ಕ್ಯಾಲ್ಸಿಯಂ ಮಾತ್ರೆಗಳು ಸಿಂಪಿಯ ಚಿಪ್ಪಿನಿಂದ ತಯಾರಾಗುತ್ತವೆ. ಲೇಬಲ್ ಮೇಲೆ ‘ಆಯ್‌ಸ್ಟರ್ ಶೆಲ್’ ಎಂದಿದ್ದರೆ ವೈದ್ಯರನ್ನು ಕೇಳಿ ಬದಲಿ ಮಾತ್ರೆ ಪಡೆಯಬಹುದು.