ಮೊದಲು ಯಾರಿಗೆ?

ಒಂದೇ ಗಳಿಗೆಯಲ್ಲಿ ಹತ್ತು ಮಂದಿ ಗಾಯಾಳುಗಳು ಆಸ್ಪತ್ರೆಯ ಬಾಗಿಲಿಗೆ ಬಂದರೆ ವೈದ್ಯನು ಮೊದಲು ಯಾರನ್ನು ನೋಡಬೇಕು? ಗಟ್ಟಿಯಾಗಿ ಕೂಗುವವನನ್ನೇ? ಮೈಯೆಲ್ಲ ನೆತ್ತರಾದವನನ್ನೇ? ಊರಿನ ದೊಡ್ಡ ಮನುಷ್ಯನನ್ನೇ? ಈ ಪ್ರಶ್ನೆಗೆ ನೇರವಾದ ಉತ್ತರವೊಂದು ದೊರೆತದ್ದು ರಣರಂಗದಲ್ಲಿ ಎಂದರೆ ನಿಮಗೆ ಅಚ್ಚರಿಯಾದೀತು.

ಫ್ರಾನ್ಸಿನ ದೊಮಿನಿಕ್ ಝಾನ್ ಲಾರೆ (1766–1842) ಎಂಬ ಶಸ್ತ್ರವೈದ್ಯನು 1792ರಲ್ಲಿ ರೈನ್ ನದಿಯ ಕಡೆಯ ಸೇನೆಯಲ್ಲಿದ್ದನು. ಆಗಿನ ಕಟ್ಟಳೆಯಂತೆ ಚಿಕಿತ್ಸೆಯ ಬಂಡಿಗಳು ಕಣದಿಂದ ಒಂದು ಹರದಾರಿ ಹಿಂದೆಯೇ ನಿಲ್ಲಬೇಕು. ಕಾಳಗ ಮುಗಿದ ಮೇಲೆ ಗಾಯಾಳುಗಳನ್ನು ಎತ್ತಬೇಕು. ಅಷ್ಟರಲ್ಲಿ ಒಂದು ದಿನವೇ ಕಳೆದುಹೋಗುತ್ತಿತ್ತು, ಉಳಿಯಬಹುದಾದವರೂ ಸಾಯುತ್ತಿದ್ದರು. ಕುದುರೆ ಹೂಡಿದ ಹಗುರ ಫಿರಂಗಿಗಳು ಕಣದಲ್ಲಿ ಓಡಾಡುವುದನ್ನು ಲಾರೆಯು ಕಂಡನು. ಕೊಲ್ಲುವ ಯಂತ್ರಕ್ಕಿರುವ ವೇಗ ಕಾಯುವ ಬಂಡಿಗೇಕಿಲ್ಲ? ಹೀಗೆ ಹುಟ್ಟಿದುದೇ ‘ಹಾರುವ ಆಂಬ್ಯುಲೆನ್ಸ್’: ಎರಡು ಕುದುರೆಗಳ ಹಗುರ ಗಾಡಿ, ಒಳಗೆ ಹಾಸಿಗೆ, ಜೊತೆಗೆ ವೈದ್ಯರ ತಂಡ.

ಗಾಡಿಗಿಂತಲೂ ದೊಡ್ಡದು ಅವನ ನಿಯಮ. ಯಾರ ಗಾಯ ಹೆಚ್ಚು ಅಪಾಯಕರವೋ ಅವನಿಗೆ ಮೊದಲು ಚಿಕಿತ್ಸೆ. ಸೇನಾಪತಿಯಾಗಲಿ, ಕಾಲಾಳಾಗಲಿ, ಶತ್ರುವೇ ಆಗಲಿ. ನಮ್ಮಲ್ಲಿ ‘ತರತಮ’ವೆಂದರೆ ಸಾಮಾನ್ಯವಾಗಿ ಮನುಷ್ಯರೊಳಗಿನ ಮೇಲುಕೀಳು, ಲಾರೆಯದು ಗಾಯಗಳೊಳಗಿನ ತರತಮ. ಇಂದು ಈ ವಿಂಗಡಣೆಗೆ ‘ಟ್ರಿಯಾಜ್’ ಎನ್ನುತ್ತಾರೆ. ಆರಿಸು, ಬೇರ್ಪಡಿಸು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ ಈ ಮಾತು ಉಣ್ಣೆಗೂ ಕಾಫಿಬೀಜಕ್ಕೂ ಸಲ್ಲುತ್ತಿತ್ತು. ಚಿಕ್ಕಮಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಶತ್ರುವಿಗೆ ತೋರಿದ ದಯೆ ಅವನಿಗೇ ಒದಗಿತು. 1815ರಲ್ಲಿ ವಾಟರ್ಲೂ ಕಾಳಗದಲ್ಲಿ ಪ್ರಷ್ಯನ್ನರು ಅವನನ್ನು ಸೆರೆಹಿಡಿದು ಕೊಲ್ಲಲು ಹೊರಟರು. ಅವರ ವೈದ್ಯನೊಬ್ಬನು ಗುರುತಿಸಿದನು. ತನ್ನ ಮಗನನ್ನು ಹಿಂದೆ ಲಾರೆಯು ಉಳಿಸಿದ್ದನ್ನು ನೆನೆದು ಸೇನಾನಿ ಬ್ಲೂಖರನು ಬಿಡಿಸಿದನು.

ಯಾರಿಗೆ ಮೊದಲು ಎಂಬುದೇನೋ ತೀರ್ಮಾನವಾಯಿತು. ಒಬ್ಬನ ಮೈಯಲ್ಲೇ ಹತ್ತು ಗಾಯಗಳಿದ್ದರೆ ಯಾವುದಕ್ಕೆ ಮೊದಲು? ಇದಕ್ಕೆ ಎಲ್ಲರೂ ಒಪ್ಪುವ ಕ್ರಮ ಮೂಡಲು ಬಹುಕಾಲ ಹಿಡಿಯಿತು. 1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮೂಳೆವೈದ್ಯ ಜೇಮ್ಸ್ ಸ್ಟೈನರ್ ನಡೆಸುತ್ತಿದ್ದ ಪುಟ್ಟ ವಿಮಾನ ಹೊಲಕ್ಕೆ ಬಿದ್ದಿತು. ಹೆಂಡತಿ ತೀರಿಕೊಂಡಳು, ನಾಲ್ವರು ಮಕ್ಕಳು ಗಾಯಗೊಂಡರು. ಆ ಮಕ್ಕಳಿಗೆ ಮೊದಲು ದೊರೆತ ಚಿಕಿತ್ಸೆಯನ್ನು ಕಂಡ ತಂದೆ ಸುಮ್ಮನಾಗಲಿಲ್ಲ. ಜೊತೆಗಾರರೊಡನೆ ಕಟ್ಟಿದ ಪಾಠಕ್ರಮ 1978ರಲ್ಲಿ ಆರಂಭವಾಯಿತು. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಅದನ್ನು ಕೈಗೆತ್ತಿಕೊಂಡಿತು. ಇಂದು ನಮ್ಮ ದೇಶದಲ್ಲಿಯೂ ಅದರ ಶಿಕ್ಷಣವಿದೆ.

ಅದರ ತಿರುಳು ಇಷ್ಟೆ: ಬೇಗ ಕೊಲ್ಲುವುದನ್ನು ಬೇಗ ತಡೆ, ರೋಗನಿರ್ಣಯ ಪೂರ್ಣವಾಗಲೆಂದು ಕಾಯಬೇಡ. ಮುರಿದ ಕಾಲು ಎದ್ದು ಕಾಣುತ್ತದೆ. ಸದ್ದಿಲ್ಲದೆ ಕಟ್ಟಿಕೊಂಡ ಗಂಟಲು ಕಾಣುವುದಿಲ್ಲ, ಆದರೆ ನಿಮಿಷಗಳಲ್ಲಿ ಕೊಲ್ಲುವುದು ಅದೇ. ಆದ್ದರಿಂದ ಹೊರಗೆ ಧಾರೆಯಾಗಿ ಸುರಿಯುವ ನೆತ್ತರಿದ್ದರೆ ಅದನ್ನು ಮೊದಲು ತಡೆದು, ಕತ್ತನ್ನು ಅಲುಗಿಸದೆ ಉಸಿರಿನ ದಾರಿ ನೋಡಬೇಕು; ಆಮೇಲೆ ಉಸಿರಾಟ; ಆಮೇಲೆ ರಕ್ತದ ಓಟ, ಸೋರಿಕೆ; ಅನಂತರ ಎಚ್ಚರವಿದೆಯೇ ಎಂಬ ವಿಚಾರ. ಕಡೆಗೆ ಬಟ್ಟೆ ತೆಗೆದು ಬೆನ್ನಿನವರೆಗೆ ಇಡೀ ಮೈಯನ್ನು ನೋಡಿ, ಚಳಿಯಾಗದಂತೆ ಕೂಡಲೇ ಕಂಬಳಿ ಹೊದಿಸಬೇಕು.