ಸಂಗಮ ಯಾರ ಪೈಕಿ?

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದು ಹೆಸರನ್ನಲ್ಲ. "ಯಾರ ಪೈಕಿ ಅವಾ ನೀನು?" ಎಂದು. ಕಂಪ್ಲಿ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಕೇಳಿದ್ದಾರೆ, ಹೊಸಪೇಟೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕಿಯೂ ಕೇಳಿದ್ದಾಳೆ. ಅಪ್ಪನ ಹೆಸರು, ಅಜ್ಜನ ಹೆಸರು, ಮನೆದೇವರು, ಓಣಿ ಇಷ್ಟು ಹೇಳಿದರೆ ಅವರಿಗೆ ಸಮಾಧಾನ. ಹೆಣ್ಣು ನೋಡಲು ಬಂದವರಂತೂ ಮೂರು ತಲೆಮಾರು ಹಿಂದಕ್ಕೆ ಹೋಗಿ ಬರುತ್ತಾರೆ. ಇಂಥ ನಾಡಿನಲ್ಲಿ ಎದ್ದ ಎಲ್ಲಕ್ಕಿಂತ ದೊಡ್ಡ ರಾಜಮನೆತನದ ಮೂಲಪುರುಷ ಯಾರ ಪೈಕಿ ಎಂಬುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ. ವಿಜಯನಗರದ ಹರಿಹರ, ಬುಕ್ಕರ ತಂದೆ ಸಂಗಮನ ಮಾತು ಹೇಳುತ್ತಿದ್ದೇನೆ. ಕಂಪ್ಲಿ ನನ್ನ ತವರು. ಆದ್ದರಿಂದ ಈ ವಿಚಾರದಲ್ಲಿ ನನಗೆ ಒಂದಿಷ್ಟು ಸ್ವಾರ್ಥವೂ ಉಂಟು.

ಸಂಗಮನ ಬಗ್ಗೆ ಹೇಳುವ ಮೊದಲು ನಮ್ಮೂರ ಅರಸನ ಬಗ್ಗೆ ಹೇಳಬೇಕು. ಹಂಪಿಗೆ ಹೋದವರು ವಿರೂಪಾಕ್ಷನ ದರ್ಶನ ಮುಗಿಸಿ, ಉಸಿರು ಬಿಡುತ್ತ ಹೇಮಕೂಟದ ಬಂಡೆ ಹತ್ತುತ್ತಾರೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಶಿಖರವಿರುವ ತ್ರಿಕೂಟ ಗುಡಿಗಳಿವೆ. ಅವುಗಳಲ್ಲಿ ಒಂದರಲ್ಲಿ ಒಂದು ಶಾಸನ. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಈ ಶಿವಾಲಯ ಕಟ್ಟಿಸಿ, ತಂದೆ, ತಾಯಿ ಮತ್ತು ಪೆರುಮೆಯ ನಾಯಕನ ನೆನಪಿಗೆ ಮೂರು ಲಿಂಗ ಸ್ಥಾಪಿಸಿದ ಎಂದು ಅದು ಹೇಳುತ್ತದೆ. ಸಿಂಗೆಯ ನಾಯಕ ದೇವಗಿರಿಯ ಸೇವುಣರ ಕೈಕೆಳಗಿದ್ದ ದಂಡಿನವನು. ಸೇವುಣರು ಕುಸಿದಾಗ ಮಗ ಸ್ವತಂತ್ರನಾಗಿ ನಿಂತ. ಕಂಪ್ಲಿ, ಕುಮ್ಮಟ, ಹೊಸಮಲೆದುರ್ಗ ಅವನ ನೆಲೆಗಳು. ಅವನ ಅಪ್ಪ ಯಾರೆಂದು ಯಾರೂ ಕೇಳಬೇಕಾಗಿಲ್ಲ. ಕಲ್ಲಿನಲ್ಲೇ ಬರೆಸಿಟ್ಟುಬಿಟ್ಟ.

ಮುಂದಿನದು ಬಹಳ ಜನಕ್ಕೆ ಗೊತ್ತು. ದೆಹಲಿಯ ಮಹಮದ್ ಬಿನ್ ತುಘಲಕನ ಹತ್ತಿರದ ಬಂಧು ಬಹಾವುದ್ದೀನ ಗುರ್ಶಾಸ್ಪ ಸಗರದಲ್ಲಿ ಅಧಿಕಾರಿಯಾಗಿದ್ದವನು ದಂಗೆ ಎದ್ದು, ಸೋತು, ಓಡಿ ಬಂದು ಕಂಪಿಲನ ಮರೆಹೊಕ್ಕ. ಕಂಪಿಲ ಅವನನ್ನು ಒಪ್ಪಿಸಲಿಲ್ಲ. 1327ರ ಸುಮಾರಿಗೆ ಸುಲ್ತಾನನ ಸೈನ್ಯ ಬಂದು ಎಲ್ಲ ಮುಗಿಯಿತು. ಇದನ್ನು ಬರೆದವನು ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತಾ. ಅರಮನೆಯ ಹೆಂಗಸರು ಸ್ನಾನ ಮಾಡಿ, ಚಂದನ ಹಚ್ಚಿಕೊಂಡು, ಅರಸನ ಮುಂದೆ ನೆಲಕ್ಕೆ ಮುತ್ತಿಟ್ಟು, ಒಬ್ಬೊಬ್ಬರಾಗಿ ಬೆಂಕಿಗೆ ಬಿದ್ದರಂತೆ. ಮಂತ್ರಿಗಳ, ಸರದಾರರ ಹೆಂಡಿರೂ ಹಾಗೇ ಮಾಡಿದರಂತೆ. ಕಂಪಿಲ ಹೋರಾಡಿ ಸತ್ತ. ಸೆರೆಸಿಕ್ಕ ಹನ್ನೊಂದು ಗಂಡುಮಕ್ಕಳನ್ನು ದೆಹಲಿಗೆ ಒಯ್ದು, ಇಸ್ಲಾಮಿಗೆ ಸೇರಿಸಿ, ಅಮೀರರನ್ನಾಗಿ ಮಾಡಿದರು. ಅವರಲ್ಲಿ ಮೂವರನ್ನು ಬತೂತಾ ತಾನೇ ಕಂಡಿದ್ದ. ಒಬ್ಬ ನಸ್ರ್, ಒಬ್ಬ ಬಖ್ತಿಯಾರ್, ಇನ್ನೊಬ್ಬ ಸುಲ್ತಾನನ ಮುದ್ರೆ ಕಾಯುವವನು, ಅಬೂ ಮುಸ್ಲಿಮ್ ಎಂದು ಕರೆಸಿಕೊಳ್ಳುತ್ತಿದ್ದವನು. ಅವನೊಂದಿಗೆ ತನಗೆ ಸ್ನೇಹವಿತ್ತು ಎಂದೂ ಬತೂತಾ ಹೇಳಿಕೊಂಡಿದ್ದಾನೆ.

ನಾನು ಈ ಮೂರು ಹೆಸರುಗಳ ಮುಂದೆ ಬಹಳ ಹೊತ್ತು ನಿಂತಿದ್ದೇನೆ. ಇವರ ತಂದೆ ಗೊತ್ತು, ಅಜ್ಜ ಗೊತ್ತು, ಅಜ್ಜನಿಗೂ ಅಜ್ಜಿಗೂ ಸ್ಥಾಪಿಸಿದ ಲಿಂಗಗಳು ಹೇಮಕೂಟದಲ್ಲಿವೆ. ಆದರೆ ತಾಯಿ ಇಟ್ಟ ಹೆಸರು ಹೋಯಿತು. ಅಪ್ಪನ ಮುದ್ರೆ ಕಾಯಬೇಕಾದವನು ಅಪ್ಪನನ್ನು ಕೊಂದವನ ಮುದ್ರೆ ಕಾಯುತ್ತ ಕೂತ. ಬೆಂಕಿಗೆ ಬಿದ್ದ ಹೆಂಗಸರಲ್ಲಿ ಒಬ್ಬರ ಹೆಸರನ್ನೂ ಪ್ರವಾಸಿ ಬರೆಯಲಿಲ್ಲ.

ಇನ್ನು ಸಂಗಮ. ಮಕ್ಕಳು, ಮೊಮ್ಮಕ್ಕಳು ಹಾಕಿಸಿದ ಶಾಸನಗಳು ಅವನನ್ನು ಯದುವಂಶದವನೆನ್ನುತ್ತವೆ. ಯದುವಂಶವೆಂದರೆ ಶ್ರೀಕೃಷ್ಣನ ವಂಶ. ಸೇವುಣರೂ ಅದನ್ನೇ ಹೇಳಿಕೊಂಡರು, ಹೊಯ್ಸಳರೂ ಅದನ್ನೇ ಹೇಳಿಕೊಂಡರು. ಗದ್ದುಗೆ ಸಿಕ್ಕ ಮೇಲೆ ಚಂದ್ರನಿಂದಲೋ ಸೂರ್ಯನಿಂದಲೋ ವಂಶಾವಳಿ ಬರೆದುಕೊಡುವ ಪಂಡಿತರಿಗೆ ಬರವಿರಲಿಲ್ಲ. ಅದನ್ನು ಬದಿಗಿಟ್ಟರೆ ಉಳಿಯುವುದು ಐದು ಮಕ್ಕಳ ಹೆಸರು: ಹರಿಹರ, ಕಂಪಣ್ಣ, ಬುಕ್ಕಣ್ಣ, ಮಾರಪ್ಪ, ಮುದ್ದಪ್ಪ. 1346ರಲ್ಲಿ ಐವರೂ ಶೃಂಗೇರಿಯಲ್ಲಿ ಸೇರಿ ವಿಜಯೋತ್ಸವ ಮಾಡಿ ಮಠಕ್ಕೆ ದತ್ತಿ ಬಿಟ್ಟರು. ಅಪ್ಪ ಎಲ್ಲಿ ದುಡಿದ, ಯಾರ ದಂಡಿನಲ್ಲಿದ್ದ ಎಂಬುದಕ್ಕೆ ಆ ಕಲ್ಲಿನಲ್ಲೂ ಉತ್ತರವಿಲ್ಲ.

ಉತ್ತರವಿಲ್ಲದ ಕಡೆ ವಾದಗಳಿಗೆ ಕೊರತೆಯೇ? ಸಂಗಮನ ಮಕ್ಕಳು ವಾರಂಗಲ್ಲಿನ ಪ್ರತಾಪರುದ್ರನ ಭಂಡಾರದಲ್ಲಿದ್ದರು, 1323ರಲ್ಲಿ ಆ ಊರು ಬಿದ್ದಾಗ ಕಂಪಿಲನ ಆಶ್ರಯಕ್ಕೆ ಬಂದರು, ಇಲ್ಲಿಂದ ಸೆರೆಯಾಗಿ ದೆಹಲಿ ಕಂಡು, ಮತ ಬದಲಿಸಿ, ಸುಲ್ತಾನನಿಂದಲೇ ಈ ಕಡೆಗೆ ಬಂದು ವಿದ್ಯಾರಣ್ಯರ ಶಿಷ್ಯರಾದರು ಎಂಬುದು ಒಂದು. ಅಲ್ಲ, ಅವರು ಹೊಯ್ಸಳ ಮೂರನೆಯ ಬಲ್ಲಾಳನ ದಂಡನಾಯಕರು, ಅಚ್ಚ ಕನ್ನಡಿಗರು ಎಂಬುದು ಇನ್ನೊಂದು. ಮೊದಲನೆಯ ಕಥೆಯನ್ನು ವಿಸ್ತಾರವಾಗಿ ಹೇಳುವ ಸಂಸ್ಕೃತ ಗ್ರಂಥಗಳು ಬಹಳ ತಡವಾಗಿ ಬಂದವು. ಎರಡನೆಯ ಪಕ್ಷದವರು, ಬಲ್ಲಾಳ ಕಾದಾಡಿ ಸತ್ತ ಮೇಲೆ ಅವನ ನಾಡು ದೊಡ್ಡ ಗದ್ದಲವಿಲ್ಲದೆ ಈ ಅಣ್ಣತಮ್ಮಂದಿರ ಕೈಸೇರಿದ್ದನ್ನು ಎತ್ತಿ ತೋರಿಸುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ದೊಡ್ಡವರು ಈ ಎರಡು ಪಕ್ಷ ಕಟ್ಟಿಕೊಂಡು ಜಗಳವಾಡಿದರು. ಕಂಪ್ಲಿಯಲ್ಲಿ ಕೂತು ಅದನ್ನು ಓದಿದರೆ ನನಗೆ ನಗು ಬರುತ್ತದೆ. ನಮ್ಮ ಓಣಿಯಲ್ಲಿ ಒಂದೇ ಕಟ್ಟೆಯ ಮೇಲೆ ಕೂತು ಅತ್ತೆ ತೆಲುಗಿನಲ್ಲಿ ಬೈದರೆ ಸೊಸೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಅವರ ಮೊಮ್ಮಗು ಯಾವ ಭಾಷೆಯದು ಎಂದು ಯಾವ ಪಂಡಿತರು ತೀರ್ಮಾನಿಸುತ್ತಾರೆ?

ಆ ಕಾಲದಲ್ಲೇ ಬದುಕಿದ್ದ ಬರನಿ ಎಂಬ ದೆಹಲಿಯ ಇತಿಹಾಸಕಾರ ಒಂದು ಸುಳಿವು ಕೊಡುತ್ತಾನೆ. ಸುಲ್ತಾನ ಕಂಪಿಲಿಗೆ ಕಳಿಸಿದ್ದವನೊಬ್ಬ ಇಸ್ಲಾಮನ್ನು ಬಿಟ್ಟು ದಂಗೆ ಎದ್ದ, ಆ ಸೀಮೆ ಕೈತಪ್ಪಿತು ಎನ್ನುತ್ತಾನೆ. ಆ ಮನುಷ್ಯ ಕನ್ಯ ನಾಯಕನ ಬಂಧುವಂತೆ. ಕನ್ಯ ನಾಯಕನೆಂದರೆ ವಾರಂಗಲ್ಲಿನ ಕಾಪಯ ನಾಯಕನೇ ಎಂದು ಹೆಚ್ಚಿನವರು ಓದುತ್ತಾರೆ. ಬರನಿಯಾದರೂ ಬಂಧು ಎಂದನೇ ಹೊರತು ಅವನ ಹೆಸರು ಬರೆಯಲಿಲ್ಲ. ಇನ್ನೂರು ವರ್ಷದ ಮೇಲೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೇಳಿದ ಕಥೆಯೇ ಬೇರೆ. ಸುಲ್ತಾನ ಆನೆಗುಂದಿಯ ಸತ್ತ ಅರಸನ ಮಂತ್ರಿಗೇ ಪಟ್ಟ ಕಟ್ಟಿದನಂತೆ. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಆ ಬರಹವನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ ಮೇಲೆಯೇ ನಮ್ಮವರಿಗೆ ಅದು ತಿಳಿದದ್ದು.

ಈಗ ನನ್ನ ಸ್ವಾರ್ಥಕ್ಕೆ ಬರುತ್ತೇನೆ. ಕಂಪಿಲನ ಮಗ ಕುಮಾರರಾಮನ ಕಥೆ ನಮ್ಮ ಸೀಮೆಯ ಹೆಂಗಸರಿಗೆ ಹೊಸದಲ್ಲ. ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದದ್ದು, ಅವಳ ಆಸೆಗೆ ಅವನು ಒಪ್ಪದೆ ಹೋದದ್ದು, ಅವಳ ದೂರು ನಂಬಿ ಅಪ್ಪ ತಲೆ ಕಡಿಯಲು ಹೇಳಿದ್ದು, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟದ್ದು. ಪರನಾರಿ ಸಹೋದರ ಎಂದು ಅವನಿಗೆ ಬಿರುದೇ ಇದೆ. ಆ ಸಾಂಗತ್ಯಗಳಲ್ಲಿ ಭಾವಸಂಗಮ ಎಂಬ ವೀರನೊಬ್ಬ ಬರುತ್ತಾನೆ. ಹರಿಹರ, ಬುಕ್ಕರ ತಂದೆ ಇವನೇ, ಕಂಪಿಲನ ಮನೆತನಕ್ಕೆ ನೆಂಟ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಸಂಗಮನ ಎರಡನೆಯ ಮಗನ ಹೆಸರು ಕಂಪಣ್ಣ. ಬುಕ್ಕರಾಯನ ಮಗನೂ ಕಂಪಣ. ತವರಿನ ಅಜ್ಜನ ಹೆಸರನ್ನು ಮಗುವಿಗೆ ಇಡುವುದು ನಮ್ಮಲ್ಲಿ ಇದ್ದದ್ದೇ ತಾನೆ? ಹಾಗೆಂದು ನನ್ನ ಮನಸ್ಸು ಕುಣಿಯುತ್ತದೆ. ಆದರೆ ಕಂಪ, ಕಂಪಣ್ಣ ಆ ಕಾಲದಲ್ಲಿ ಹಲವರಿಗಿದ್ದ ಹೆಸರು. ಸಾಂಗತ್ಯಗಳು ಹುಟ್ಟಿದ್ದು ಯುದ್ಧ ಮುಗಿದು ಸುಮಾರು ಇನ್ನೂರು ವರ್ಷಕ್ಕೆ. ವಕೀಲರ ಮುಂದೆ ಇಟ್ಟರೆ ಈ ದಾವೆ ನಿಲ್ಲಲಾರದು.

ತಾಯಿಯ ಕಡೆಯಿಂದ ಹುಡುಕೋಣವೆಂದರೆ ಅಲ್ಲಿಯೂ ಒಂದೇ ಉತ್ತರವಿಲ್ಲ. ಸಂಗಮನ ಮಡದಿ ಒಂದು ಕಡೆ ಕಾಮಾಂಬಿಕೆ, ಇನ್ನೊಂದು ಕಡೆ ಮಾಲಾಂಬಿಕೆ. ಇಬ್ಬರೋ, ಒಬ್ಬಳಿಗೇ ಎರಡು ಹೆಸರೋ. ಅವಳ ತವರು ಯಾವುದು ಎಂದು ಬರೆಯಬೇಕೆಂದು ಪಂಡಿತರಿಗೆ ತೋಚಲಿಲ್ಲ. ತೋಚಿದ್ದರೆ ಭಾವಸಂಗಮ ಯಾರಿಗೆ ಭಾವ ಎಂಬುದು ಆ ಒಂದು ಸಾಲಿನಲ್ಲೇ ಗೊತ್ತಾಗಿಬಿಡುತ್ತಿತ್ತು.

ಆ ಮನೆಯ ಒಬ್ಬ ಹೆಣ್ಣುಮಗಳು ಮಾತ್ರ ತಾನೇ ಲೇಖನಿ ಹಿಡಿದಳು. ಬುಕ್ಕರಾಯನ ಸೊಸೆ, ಕಂಪಣನ ಹೆಂಡತಿ ಗಂಗಾದೇವಿ. ಗಂಡ ಮಧುರೆಯನ್ನು ಗೆದ್ದ ಕಥೆಯನ್ನು ಸಂಸ್ಕೃತದಲ್ಲಿ 'ಮಧುರಾವಿಜಯ' ಎಂಬ ಕಾವ್ಯ ಮಾಡಿದಳು. ಅದರ ಓಲೆಪ್ರತಿ 1916ರಲ್ಲಿ ತಿರುವನಂತಪುರದಲ್ಲಿ ಸಿಕ್ಕಿತು, ಅದೂ ಅಲ್ಲಲ್ಲಿ ಹರಿದುಹೋಗಿ. ಮನೆಯೊಳಗಿನವಳು, ಇವಳಾದರೂ ಹೇಳಿಯಾಳು ಎಂದು ನಾನು ಆಸೆಯಿಂದ ತಿರುವಿ ನೋಡಿದೆ. ಅವಳ ಕಥೆ ಮಾವ ಬುಕ್ಕರಾಯನಿಂದ ಶುರುವಾಗುತ್ತದೆ. ಗಂಡನಿಗೆ ಕಂಪಣ ಎಂಬ ಹೆಸರಿಟ್ಟದ್ದು ಏಕೆಂದರೆ, ರಣರಂಗದಲ್ಲಿ ಅವನು ವೈರಿಗಳನ್ನೆಲ್ಲ ನಡುಗಿಸುತ್ತಾನೆ ಎಂದಂತೆ.